‘ಕ’ ಕಾಗುಣಿತದ ಪ್ರಾಣಿಗಳು: ಮಕ್ಕಳ ಸ್ಪರ್ಧೆಗೆ ಪೂರಕ ಮಾಹಿತಿ



ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘ ಮಕ್ಕಳಿಗೆ ನಡೆಸುವ ಸ್ಪರ್ಧೆಗಳಲ್ಲಿ, ಒಂದು ಅಕ್ಷರ ಕೊಟ್ಟು ಅದರಿಂದ ಶುರುವಾಗುವ ಪ್ರಾಣಿಗಳ ಹೆಸರು ಬರೆಸುವ ಆಟವೂ ಒಂದು. ಕಳೆದ ಬಾರಿ ‘ಕ’ ಕೊಟ್ಟಿದ್ದೆವು. ಹೆಚ್ಚಿನ ಹಾಳೆಗಳಲ್ಲಿ ಬಂದ ಉತ್ತರ ಕ್ಯಾಟ್, ಕೌ, ಕ್ಯಾಮೆಲ್. ಅಕ್ಷರವೇನೋ ಕನ್ನಡದ್ದೇ, ಬರೆದದ್ದೂ ಕನ್ನಡ ಲಿಪಿಯಲ್ಲೇ, ಒತ್ತಕ್ಷರ ಕೂಡ ಸರಿಯಾಗಿಯೇ ಇತ್ತು. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಕೊರ್ತಾಲಿಮ್, ಸಾಂಕ್ವಾಳ್, ಝುವಾರಿನಗರ, ವಾಸ್ಕೋ ಕಡೆಯ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಕೊಂಕಣಿ ಮಾತಾಡುತ್ತಾರೆ. ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ. ಅಡುಗೆಮನೆಗೆ ಕೋಳಿ, ಕುರಿ ಬಿಟ್ಟರೆ ಬೇರೆ ಪ್ರಾಣಿ ಬರುವುದಿಲ್ಲವಲ್ಲ!

ಆದ್ದರಿಂದ ಈ ವರ್ಷ ಮತ್ತೆ ಅದೇ ಅಕ್ಷರವನ್ನು ಇಡಲು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಮಕ್ಕಳೂ, ಮಕ್ಕಳಿಗಿಂತ ಮೊದಲು ತಂದೆತಾಯಿಯರೂ ಓದಿಕೊಳ್ಳಲಿ ಎಂದು ಈ ಮಾಹಿತಿ ಲೇಖನವನ್ನು ಪ್ರಕಟಿಸುತ್ತಿದ್ದೇವೆ. ಬರೆಯುತ್ತಾ ಹೋದಂತೆ ನಮಗೆ ತಿಳಿದದ್ದೇನೆಂದರೆ, ಈ ಅಕ್ಷರದಡಿ ಬರುವ ಕೆಲವು ಪ್ರಾಣಿಗಳ ಹೆಸರು ಗೊತ್ತಿರುವುದು ಬಹುಮಾನಕ್ಕಿಂತ ಹೆಚ್ಚಿನ ವಿಷಯ. ಅವುಗಳ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆದಿದ್ದೇವೆ.

ನಿಯಮಗಳು

ಕ, ಕಾ, ಕಿ, ಕೀಯಿಂದ ಕೌವರೆಗೆ ಯಾವ ಗುಣಿತಾಕ್ಷರವಾದರೂ ನಡೆಯುತ್ತದೆ. ‘ಕೃ’ ಕೂಡ ಸರಿ. ‘ಖ’ ಬೇರೆ ಅಕ್ಷರ, ಹಾಗಾಗಿ ಖಡ್ಗಮೃಗ, ಖಿಲಾರಿ ಎತ್ತು ಇವು ಲೆಕ್ಕಕ್ಕಿಲ್ಲ. ಪ್ರಾಣಿ ಎಂದರೆ ಪ್ರಾಣ ಇರುವುದು ಎಂಬ ಅರ್ಥದಲ್ಲೇ ತೆಗೆದುಕೊಂಡಿದ್ದೇವೆ. ಹಕ್ಕಿ, ಹಾವು, ಮೀನು, ಕಪ್ಪೆ, ಇರುವೆ ಎಲ್ಲವೂ ಸೇರುತ್ತವೆ.

ತಕರಾರು ಬರುವುದು ‘ಕಾಡು’ ಶಬ್ದದ ವಿಷಯದಲ್ಲಿ. ಊರಿನ ಯಾವ ಪ್ರಾಣಿಯ ಹಿಂದೆಯೂ ‘ಕಾಡು’ ಸೇರಿಸಿ ಕಾಡುಹಂದಿ, ಕಾಡುಬೆಕ್ಕು, ಕಾಡುಕೋಳಿ ಎಂದು ಇಪ್ಪತ್ತು ಹೆಸರು ಬರೆದು ಬಿಡಬಹುದು. ಇವೆಲ್ಲ ನಿಜವಾದ ಪ್ರಾಣಿಗಳೇ. ಆದರೂ ಆಟದ ಸೊಗಸು ಕೆಡುತ್ತದೆ. ಆದ್ದರಿಂದ ಇಂಥವಕ್ಕೆ ಅರ್ಧ ಅಂಕ. ‘ಕಾಡು’ ತೆಗೆದರೆ ಬೇರೆಯೇ ಅರ್ಥವಾಗುವ ಹೆಸರುಗಳಿಗೆ ಪೂರ್ತಿ ಅಂಕ. ಉದಾಹರಣೆಗೆ ಕಾಡುಪಾಪ. ಇದು ಕಾಡಿನಲ್ಲಿರುವ ಪಾಪು ಅಲ್ಲ, ದೊಡ್ಡ ಕಣ್ಣಿನ, ಬಾಲವಿಲ್ಲದ, ರಾತ್ರಿ ಮಾತ್ರ ಓಡಾಡುವ ಸಣ್ಣ ಪ್ರಾಣಿ. ಕೋತಿಗಳ ದೂರದ ಸಂಬಂಧಿ. ತುಮಕೂರು ಬಳಿಯ ನಾಗವಲ್ಲಿ ಊರು ಇದಕ್ಕೆ ಹೆಸರುವಾಸಿ. ಮಾಟಮಂತ್ರದವರ ಕಾಟದಿಂದ ಇದು ಬಹಳ ಕಷ್ಟಪಟ್ಟಿದೆ.

ಕಾಟಿ, ಕಾಡೆಮ್ಮೆ, ಕಾಡುಕೋಣ

ಮೂರೂ ಒಂದೇ ಪ್ರಾಣಿ. ಮೂರೂ ‘ಕ’. ಮಲೆನಾಡು, ಕರಾವಳಿಯವರು ಕಾಟಿ ಎನ್ನುತ್ತಾರೆ. ಬಯಲುಸೀಮೆಯಿಂದ ಬಂದ ನಮ್ಮಲ್ಲಿ ಹಲವರಿಗೆ ಈ ಪ್ರಾಣಿಯ ಪರಿಚಯವೇ ಇರುವುದಿಲ್ಲ. ಗೋವೆಯಲ್ಲಿ ಇದ್ದವರು ಮಾತ್ರ ತಿಳಿದಿರಲೇಬೇಕು, ಏಕೆಂದರೆ ಗೋವಾ ರಾಜ್ಯದ ರಾಜ್ಯಪ್ರಾಣಿ ಇದೇ. ಕರ್ನಾಟಕದ ರಾಜ್ಯಪ್ರಾಣಿ ಆನೆ ಎಂದು ಕೇಳಿದರೆ ಹೇಳುವ ಮಕ್ಕಳಿಗೆ, ತಾವು ಹುಟ್ಟಿ ಬೆಳೆದ ರಾಜ್ಯದ ಪ್ರಾಣಿಗೆ ಕನ್ನಡದಲ್ಲಿ ಒಂದಲ್ಲ ಮೂರು ಹೆಸರಿದೆ ಎಂಬುದು ಗೊತ್ತಿರಲಿ.

ಹೆಸರಿನಲ್ಲಿ ಎಮ್ಮೆ, ಕೋಣ ಇದ್ದರೂ ಇದು ಎಮ್ಮೆಯ ಕುಲದ್ದಲ್ಲ. ಹಸು, ಎತ್ತಿನ ಕುಲಕ್ಕೆ ಸೇರಿದ್ದು. ಕೊಂಕಣಿಯಲ್ಲಿ ಇದನ್ನು ‘ಗವೊ ರೆಡೊ’ ಎನ್ನುತ್ತಾರೆ, ರೆಡೊ ಎಂದರೆ ಕೋಣ. ಇಂಗ್ಲಿಷಿನವರು ಬೈಸನ್ ಎಂದರು, ಅದು ಅಮೆರಿಕದ ಬೇರೆ ಪ್ರಾಣಿ. ಹೀಗೆ ಮೂರು ಭಾಷೆಯವರೂ ನೋಡಿದ ಕೂಡಲೇ ತಪ್ಪು ನೆಂಟಸ್ತಿಕೆ ಹೇಳಿದ್ದಾರೆ. ಚೊಕ್ಕವಾಗಿ ಉಳಿದದ್ದು ‘ಕಾಟಿ’ ಎಂಬ ಹೆಸರೊಂದೇ ಎಂಬುದು ನಮ್ಮ ಅಭಿಪ್ರಾಯ.

ಗಂಡು ಕಾಟಿ ಭುಜದ ಹತ್ತಿರ ಸುಮಾರು ಆರಡಿ ಎತ್ತರ, ತೂಕ ಸಾವಿರ ಕಿಲೋ ಮುಟ್ಟುವುದುಂಟು. ಮೈ ಕಪ್ಪು, ಮೊಣಕಾಲಿನಿಂದ ಕೆಳಗೆ ಬಿಳಿ ಸಾಕ್ಸ್ ಹಾಕಿದಂತೆ. ಇಷ್ಟು ದೊಡ್ಡ ಪ್ರಾಣಿಯನ್ನೂ ರೋಗ ಬಿಡುವುದಿಲ್ಲ. 1968ರಲ್ಲಿ ದನಗಳಿಂದ ಹರಡಿದ ರಿಂಡರ್‌ಪೆಸ್ಟ್ ಬಂಡೀಪುರ, ಮುದುಮಲೆ ಕಾಡುಗಳಲ್ಲಿ ಕಾಟಿಗಳನ್ನು ಗುಂಪುಗುಂಪಾಗಿ ಬಲಿ ತೆಗೆದುಕೊಂಡಿತು. ಆ ರೋಗ ಈಗ ಭೂಮಿಯ ಮೇಲೆಯೇ ಇಲ್ಲ. 2011ರಲ್ಲಿ ಅದು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ದನಕ್ಕೆ ಹಾಕಿಸಿದ ಲಸಿಕೆಯಿಂದ ಕಾಟಿಯೂ ಬದುಕಿತು ಎಂದು ಹೇಳಬಹುದು.

ಹಬ್ಬಕ್ಕೆ ಊರಿಗೆ ಹೋಗುವ ನಮ್ಮ ಸದಸ್ಯರು ಅನಮೋಡ ಘಾಟಿನ ಮೇಲೆ ಬೆಳಗಾವಿ, ಧಾರವಾಡ ಕಡೆಗೆ ಹೋಗುತ್ತಾರೆ. ಆ ರಸ್ತೆ ಮೊಲ್ಲೆಮ್‌ನ ಭಗವಾನ್ ಮಹಾವೀರ ಅಭಯಾರಣ್ಯದ ನಡುವೆಯೇ ಹಾಯ್ದುಹೋಗುತ್ತದೆ. ರಾತ್ರಿ ಕಾಟಿ, ಕಡವೆ ರಸ್ತೆ ದಾಟುತ್ತವೆ. ಕಪ್ಪು ಮೈಯ ಕಾಟಿ ಹೆಡ್‌ಲೈಟಿಗೆ ಬೇಗ ಕಾಣುವುದಿಲ್ಲ. ಬೈಕಿನಲ್ಲಿ ಹೋಗುವ ಹುಡುಗರು ದಯವಿಟ್ಟು ಹಗಲಿನಲ್ಲೇ ಘಾಟು ದಾಟಿಕೊಳ್ಳಿ. ಮಕ್ಕಳಿಗೆ ಕಾಟಿಯನ್ನು ತೋರಿಸಬೇಕೆಂದಿದ್ದರೆ ಬೊಂಡ್ಲಾದ ಸಣ್ಣ ಮೃಗಾಲಯಕ್ಕೆ ಕರೆದುಕೊಂಡು ಹೋಗಬಹುದು.

ಕಡವೆಯ ಹೆಸರು ಬಂದದ್ದರಿಂದ ಒಂದು ಮಾತು. ನಮ್ಮ ದೇಶದ ಜಿಂಕೆಗಳಲ್ಲಿ ಕಡವೆ ಬಹಳ ದೊಡ್ಡದು. ಅದರ ಕೊಂಬು ಉದುರಿ ಮತ್ತೆ ಹೊಸದಾಗಿ ಬರುತ್ತದೆ. ಕೃಷ್ಣಮೃಗದ ಕೊಂಬು ಹಾಗಲ್ಲ, ಉದುರುವುದಿಲ್ಲ. ಹಾವೇರಿ ಜಿಲ್ಲೆಯವರಿಗೆ ಕೃಷ್ಣಮೃಗ ಎಂದರೆ ತಿಳಿಯಲಿಕ್ಕಿಲ್ಲ, ಚಿಗರಿ ಎಂದರೆ ತಿಳಿಯುತ್ತದೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಅದಕ್ಕಾಗಿಯೇ ಅಭಯಾರಣ್ಯವಾಯಿತು. ಇನ್ನೊಂದು ಕೊಂಡುಕುರಿ. ಇದರ ಗಂಡಿಗೆ ನಾಲ್ಕು ಕೊಂಬು. ‘ಕುರಿ’ ಎಂದಿದ್ದರೂ ಕುರಿಯಲ್ಲ.

ಕಾಳಿಂಗ, ಕೊಳಕುಮಂಡಲ, ಕಟ್ಟುಹಾವು, ಕೇರೆ

ಈ ನಾಲ್ಕು ಹೆಸರುಗಳನ್ನು ಮಕ್ಕಳಿಗೆ ಕಲಿಸುವ ಮೊದಲು ದೊಡ್ಡವರು ಓದಬೇಕು.

ಕಾಳಿಂಗ ಸರ್ಪದಿಂದ ಶುರು ಮಾಡೋಣ, ಇದರಲ್ಲಿ ಕನ್ನಡಿಗರೆಲ್ಲರೂ ಹೆಮ್ಮೆಪಡುವ ವಿಷಯವಿದೆ. ಸುಮಾರು 190 ವರ್ಷಗಳಿಂದ ಭಾರತದಿಂದ ಇಂಡೋನೇಷ್ಯಾದವರೆಗಿನ ಕಾಳಿಂಗಗಳೆಲ್ಲ ಒಂದೇ ಜಾತಿ ಎಂದು ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿತ್ತು. 2024ರಲ್ಲಿ ವಿಜ್ಞಾನಿಗಳ ತಂಡವೊಂದು ಅವು ನಾಲ್ಕು ಬೇರೆ ಬೇರೆ ಜಾತಿಗಳೆಂದು ತೋರಿಸಿತು. ಆಗುಂಬೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಪಿ. ಗೌರಿಶಂಕರ್ ಆ ತಂಡದಲ್ಲಿದ್ದರು. ಪಶ್ಚಿಮ ಘಟ್ಟದ ಕಾಳಿಂಗಕ್ಕೆ ಅವರು ಇಟ್ಟ ಶಾಸ್ತ್ರೀಯ ಹೆಸರು ‘ಒಫಿಯೋಫಾಗಸ್ ಕಾಳಿಂಗ’. ಲ್ಯಾಟಿನ್, ಗ್ರೀಕ್ ಹೆಸರುಗಳೇ ತುಂಬಿರುವ ಪಟ್ಟಿಯಲ್ಲಿ ನಮ್ಮ ಮಲೆನಾಡಿನ ಅಜ್ಜ ಅಜ್ಜಿಯರು ಆಡುವ ಶಬ್ದ ಹೋಗಿ ಕುಳಿತಿದೆ. ಜಪಾನಿನವರಾಗಲಿ ಜರ್ಮನಿಯವರಾಗಲಿ, ಈ ಹಾವಿನ ಬಗ್ಗೆ ಬರೆಯಬೇಕಾದರೆ ಕಾಳಿಂಗ ಎಂದೇ ಬರೆಯಬೇಕು. ನಮ್ಮ ಮಕ್ಕಳು ಕಿಂಗ್ ಕೋಬ್ರಾ ಎಂದಷ್ಟೇ ಹೇಳಿದರೆ ಸಾಲುತ್ತದೆಯೇ?

ಕಾಳಿಂಗದ ಮುಖ್ಯ ಆಹಾರ ಬೇರೆ ಹಾವುಗಳು. ಎಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಇದೊಂದೇ. ಮನುಷ್ಯರಿಗೆ ಕಚ್ಚಿದ್ದು ಬಹಳ ಅಪರೂಪ.

ಅಪರೂಪವಲ್ಲದ್ದು ಮುಂದಿನ ಎರಡು. ಕೊಳಕುಮಂಡಲ ದಪ್ಪ ಮೈಯ, ಬೆನ್ನ ಮೇಲೆ ಸರಪಣಿಯಂತೆ ಕಂದು ಗುರುತುಗಳಿರುವ ಹಾವು. ಕುಕ್ಕರಿನ ಸೀಟಿಯಂತೆ ಜೋರಾಗಿ ಬುಸುಗುಡುತ್ತದೆ. ಕಟ್ಟುಹಾವಿಗೆ ಕರಾವಳಿಯಲ್ಲಿ ಕಡಂಬಳ ಎಂದೂ ಹೇಳುತ್ತಾರೆ, ಅದೂ ‘ಕ’ ಅಕ್ಷರವೇ. ಹೊಳೆಯುವ ಕಪ್ಪು ಮೈ ಮೇಲೆ ತೆಳ್ಳಗಿನ ಬಿಳಿ ಪಟ್ಟಿಗಳು. ಇದು ಹಗಲು ಹೊತ್ತು ಸಾಧು, ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರ ಹಾಸಿಗೆಯೊಳಗೆ ಬಂದು ಸೇರಿಕೊಳ್ಳುತ್ತದೆ. ಕಚ್ಚಿದ ಜಾಗದಲ್ಲಿ ಹೆಚ್ಚಿನ ನೋವಾಗಲಿ, ಊತವಾಗಲಿ ಇರುವುದಿಲ್ಲ. ಇರುವೆ ಕಚ್ಚಿತು ಎಂದುಕೊಂಡು ಮತ್ತೆ ಮಲಗಿಬಿಡುತ್ತಾರೆ. ಬೆಳಗಿನ ಜಾವಕ್ಕೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು, ಮಾತು ತೊದಲುವುದು, ಆಮೇಲೆ ಉಸಿರಾಟವೇ ನಿಲ್ಲುವುದು.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಜನ ತಗಡಿನ ಶೆಡ್ಡುಗಳಲ್ಲಿ, ಜಲ್ಲಿ ಮರಳಿನ ರಾಶಿ ಪಕ್ಕದಲ್ಲಿ, ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಾರೆ. ಮಂಚ ಇಲ್ಲದಿದ್ದರೆ ಸೊಳ್ಳೆಪರದೆಯಾದರೂ ಕಟ್ಟಿ, ಅಂಚನ್ನು ಚಾಪೆಯ ಕೆಳಗೆ ಒತ್ತಿ ಮಡಚಿ ಮಲಗಬೇಕು. ಸೊಳ್ಳೆಯೂ ಬರುವುದಿಲ್ಲ, ಕಟ್ಟುಹಾವೂ ಬರುವುದಿಲ್ಲ. ರಾತ್ರಿ ಎದ್ದರೆ ಬ್ಯಾಟರಿ ಹಾಕಿಕೊಂಡು ನಡೆಯಿರಿ. ಹಾವು ಕಚ್ಚಿದರೆ ಕುಯ್ಯುವುದು, ರಕ್ತ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ. ನಮಗೆ ಒಂದು ಕಡೆ ಚಿಕಾಲಿಯ ಸರ್ಕಾರಿ ಆಸ್ಪತ್ರೆ, ಸೇತುವೆ ದಾಟಿದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಔಷಧ ಕೆಲಸ ಮಾಡುತ್ತದೆ. ಹಾವನ್ನು ಹೊಡೆದು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ಯುವ ಅಗತ್ಯ ಖಂಡಿತ ಇಲ್ಲ. ಅದರಲ್ಲೇ ಅರ್ಧ ಗಂಟೆ ಹಾಳಾಗುತ್ತದೆ.

ನಾಲ್ಕನೆಯದು ಕೇರೆ. ವಿಷವಿಲ್ಲ. ಇಲಿ ಹಿಡಿಯುತ್ತದೆ. ಉದ್ದಕ್ಕೆ ಇರುವುದರಿಂದ ನಾಗರ ಎಂದು ತಿಳಿದು ಸಾಯಿಸುತ್ತಾರೆ. ನಮ್ಮ ಊರಿನ ರೈತರು ಗದ್ದೆಯಲ್ಲಿ ಕೇರೆಯನ್ನು ಮುಟ್ಟುತ್ತಿರಲಿಲ್ಲ. ಊರು ಬಿಟ್ಟು ಬಂದ ಮೇಲೆ ಹೆಸರು ಮರೆತಿದೆ, ಎಲ್ಲ ಹಾವೂ ಸ್ನೇಕ್ ಆಗಿದೆ, ಸ್ನೇಕ್ ಎಂದ ಮೇಲೆ ದೊಣ್ಣೆ ಬರುತ್ತದೆ.

ಕಪ್ಪೆ

ಪ್ರತಿ ಮಗುವೂ ಬರೆಯುವ ಹೆಸರು. ಆದರೆ ಇದರಡಿ ಎರಡು ವಿಷಯ ಹೇಳಬೇಕು.

ಒಂದು ಕುಂಬಾರ ಕಪ್ಪೆ. ಉತ್ತರ ಕನ್ನಡ ಜಿಲ್ಲೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿನಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಗುರುತಿಸಿ 2014ರಲ್ಲಿ ಲೋಕಕ್ಕೆ ತಿಳಿಸಿದ್ದು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಹೊಳೆಯಿಂದ ಮುಂಗಾಲುಗಳಲ್ಲಿ ಕೆಸರು ತೆಗೆದುಕೊಂಡು ಬಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ, ಮಡಕೆಗೆ ಮಣ್ಣು ಮೆತ್ತಿದ ಹಾಗೆ. ಅದಕ್ಕೇ ಶಾಸ್ತ್ರೀಯ ಹೆಸರಿನಲ್ಲೂ ‘ಕುಂಬಾರ’ ಎಂದೇ ಇಟ್ಟಿದ್ದಾರೆ. ಕಾಳಿಂಗಕ್ಕಿಂತ ಹತ್ತು ವರ್ಷ ಮೊದಲೇ ಕನ್ನಡ ಶಬ್ದವೊಂದು ಆ ಪಟ್ಟಿ ಸೇರಿತ್ತು ಎಂದಾಯಿತು. ಗೋವೆಯವರೂ ಹಿಂದೆ ಬಿದ್ದಿಲ್ಲ. 2018ರಲ್ಲಿ ಇಲ್ಲಿನ ಘಟ್ಟದ ಮೇಲಿನ ಬಯಲುಗಳ ಒಂದು ಕಪ್ಪೆಗೆ ‘ಗೋಯಂಚಿ’, ಅಂದರೆ ಗೋವೆಯದು, ಎಂದು ಹೆಸರಾಗಿದೆ.

ಎರಡನೆಯದು ದೊಡ್ಡ ಕಪ್ಪೆಯ ವಿಷಯ, ಇದು ಎಚ್ಚರಿಕೆ. ಜೂನ್ ಮೊದಲ ಮಳೆ ಬೀಳುತ್ತಲೂ ಗದ್ದೆಗಳಲ್ಲಿ ಹಳದಿ ಬಣ್ಣದ ದೊಡ್ಡ ಗಂಡು ಕಪ್ಪೆಗಳು ಗಂಟಲ ಎರಡೂ ಕಡೆ ನೀಲಿ ಚೀಲ ಉಬ್ಬಿಸಿ ವಟಗುಟ್ಟುತ್ತವೆ. ಗೋವೆಯಲ್ಲಿ ಇದರ ಮಾಂಸಕ್ಕೆ ‘ಜಂಪಿಂಗ್ ಚಿಕನ್’ ಎಂಬ ಕಳ್ಳ ಹೆಸರು. ರಾತ್ರಿ ಗ್ಯಾಸ್‌ಲೈಟು, ಟಾರ್ಚು ಹಿಡಿದು ಹಿಡಿಯುವವರಿದ್ದಾರೆ. ನಾಲ್ಕು ಕಾಸಿನ ಆಸೆಗೆ ನಮ್ಮ ಹುಡುಗರನ್ನೂ ಆ ಕೆಲಸಕ್ಕೆ ಕರೆಯುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಕಪ್ಪೆಯನ್ನು ಹಿಡಿಯುವುದು, ಮಾರುವುದು, ತಿನ್ನುವುದು ಎಲ್ಲವೂ ಅಪರಾಧ. 2022ರ ತಿದ್ದುಪಡಿಯ ನಂತರ ದಂಡವೇ ಒಂದು ಲಕ್ಷ ರೂಪಾಯಿವರೆಗೆ, ಜೈಲು ಮೂರು ವರ್ಷದವರೆಗೆ ಆಗಬಹುದು. ಅರಣ್ಯ ಇಲಾಖೆಯವರು ಪ್ರತಿ ಮಳೆಗಾಲದಲ್ಲಿ ಗಸ್ತು ತಿರುಗುತ್ತಾರೆ. ತಿನ್ನುವವರು ಹೊಟೇಲಿನ ಒಳಗೆ ಕುಳಿತಿರುತ್ತಾರೆ, ಸಿಕ್ಕಿಬೀಳುವವರು ಗದ್ದೆಯಲ್ಲಿ ಚೀಲ ಹಿಡಿದು ನಿಂತವರು. ಕಪ್ಪೆ ಕಡಿಮೆಯಾದರೆ ಸೊಳ್ಳೆ, ಪೈರಿನ ಹುಳ ಹೆಚ್ಚುತ್ತವೆ ಎಂಬ ಕಾರಣಕ್ಕೇ 1987ರಲ್ಲಿ ಭಾರತ ಸರ್ಕಾರ ಕಪ್ಪೆ ಕಾಲುಗಳ ರಫ್ತನ್ನು ನಿಲ್ಲಿಸಿತು.

ಕೋತಿ, ಕಪಿ, ಕೋಡಗ

ಮಂಗ ಎಂದು ಬರೆದರೆ ಅಂಕವಿಲ್ಲ, ಕೋತಿ ಎಂದರೆ ಇದೆ. ಶಿಶುನಾಳ ಶರೀಫರ ಪದ ಹಾಡುವ ಮಕ್ಕಳಿಗೆ ಅದರಲ್ಲಿ ಬರುವ ಕೋಡಗ ಎಂದರೆ ಏನು ಎಂದು ಕೇಳಿ ನೋಡಿ. ಕೋತಿಯೇ. ಕೆಂಪು ಮೂತಿಯ ಸಣ್ಣದು ಕೋತಿ. ಕಪ್ಪು ಮೂತಿ, ಉದ್ದ ಬಾಲದ ದೊಡ್ಡದು ಮುಸುವ, ಅದು ‘ಮ’ ಅಕ್ಷರಕ್ಕೆ ಹೋಗುತ್ತದೆ.

ಕೋತಿಯ ಜೊತೆ ಇನ್ನೊಂದು ‘ಕ’ ಇದೆ, ಕ್ಯಾಸನೂರು. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕೋತಿಗಳು ಸಾಲುಸಾಲಾಗಿ ಸತ್ತು, ಜನರಿಗೂ ಜ್ವರ ಬಂದು, ಹೊಸ ವೈರಸ್ ಪತ್ತೆಯಾಯಿತು. ಅದೇ ಮಂಗನ ಕಾಯಿಲೆ. ಹರಡುವುದು ಕೋತಿ ಕಚ್ಚಿ ಅಲ್ಲ, ಕಾಡಿನ ಉಣ್ಣೆ ಹುಳ ಕಚ್ಚಿ. 2015ರ ಸುಮಾರಿಗೆ ಇದು ಗೋವೆಯ ಸತ್ತರಿ ತಾಲ್ಲೂಕಿಗೂ ಬಂದಿತು. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಗೇರುಬೀಜ ಆರಿಸುವ ಕಾಲವೂ ಅದೇ. ವಾಳಪೈ ಕಡೆ ಗೇರು ತೋಟದ ಕೆಲಸಕ್ಕೆ ಹೋಗುವವರು ಮೈತುಂಬ ಬಟ್ಟೆ ಹಾಕಿಕೊಳ್ಳಿ, ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಆ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಕೋತಿ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ‘ಕಾಡಿಗೆ ಹೋಗಿದ್ದೆ’ ಎಂದು ಮೊದಲೇ ಹೇಳಬೇಕು. ಭಾಷೆ ಬಾರದೆ ಹಲವರು ಇದನ್ನು ಹೇಳುವುದೇ ಇಲ್ಲ. ಭಾಷೆಯ ತೊಂದರೆ ಇದ್ದವರು ಸಂಘಕ್ಕೆ ಫೋನ್ ಮಾಡಿದರೆ ಜೊತೆಗೆ ಬರುವವರನ್ನು ಕಳಿಸುತ್ತೇವೆ.

ಕರಡಿ ಮತ್ತು ಊರಕಡೆಯ ಇತರೆ

ಕರಡಿಯ ಹೆಸರಿಗೊಂದು ತಮಾಷೆಯಿದೆ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬ ವಿದ್ವಾಂಸರು ಅದರ ಉದ್ದ ಉಗುರು ನೋಡಿ, ಅಮೆರಿಕದ ಮರಗಳಲ್ಲಿ ನೇತಾಡುವ ಸ್ಲಾತ್ ಎಂಬ ನಿಧಾನ ಪ್ರಾಣಿಯ ಬಳಗಕ್ಕೆ ಸೇರಿಸಿದರು. ಅಂದಿನಿಂದ ಇಂಗ್ಲಿಷಿನಲ್ಲಿ ಇದು ‘ಸ್ಲಾತ್ ಬೇರ್’. ನಿಧಾನ ಎಂದು ನಂಬಿ ಹತ್ತಿರ ಹೋದವರ ಪಾಡು ಬಳ್ಳಾರಿ, ಕೊಪ್ಪಳದವರನ್ನು ಕೇಳಬೇಕು! ಕರಡಿಗೆ ಮೇಲಿನ ನಡು ಹಲ್ಲು ಎರಡಿಲ್ಲ, ಆ ಸಂದಿನಿಂದ ಗೆದ್ದಲನ್ನು ಉಫ್ ಎಂದು ಎಳೆದುಕೊಳ್ಳುತ್ತದೆ. ಹಂಪಿಯ ಹತ್ತಿರದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಸಂಜೆ ಹೊತ್ತು ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಇಡುತ್ತಾರೆ, ದೂರದ ಗೋಪುರದಿಂದ ಕರಡಿ ಬರುವುದನ್ನು ನೋಡಬಹುದು. ಒಂದು ಸೂಚನೆ. ಕರಡಿಮಜಲಿನ ಕರಡಿ ಪ್ರಾಣಿಯಲ್ಲ, ವಾದ್ಯ.

ಕತ್ತೆಕಿರುಬವೂ ಆ ಕಡೆಯ ಕಲ್ಲುಗುಡ್ಡಗಳಲ್ಲಿದೆ. ಬರೀ ‘ಕಿರುಬ’ ಎಂದರೆ ಕೆಲವು ಕಡೆ ಇದೇ, ಮತ್ತೆ ಕೆಲವು ಕಡೆ ಚಿರತೆ. ಎರಡಕ್ಕೂ ಅಂಕ ಕೊಡುತ್ತೇವೆ. ಕೆನ್ನಾಯಿ ಎಂದರೆ ಕೆಂಪು ನಾಯಿ, ಗುಂಪಾಗಿ ಸೀಟಿ ಹಾಕಿಕೊಂಡು ಬೇಟೆಯಾಡುವ ಕಾಡಿನ ನಾಯಿ. ಬಂಡೀಪುರದಲ್ಲಿ ಕೃಪಾಕರ, ಸೇನಾನಿ ಇದರ ಹಿಂದೆ ವರ್ಷಗಳನ್ನೇ ಕಳೆದಿದ್ದಾರೆ. ಕೆಂದಳಿಲು, ಎರಡು ಬಣ್ಣದ ಉದ್ದ ಬಾಲದ ದೊಡ್ಡ ಅಳಿಲು. ಮೊಲ್ಲೆಮ್ ಕಾಡಿನಲ್ಲಿ ತಲೆಯೆತ್ತಿ ನೋಡಿದರೆ ಕಾಣಸಿಗುತ್ತದೆ.

ಸಾಕಿದ ಪ್ರಾಣಿಗಳಲ್ಲಿ ಕುರಿ, ಕತ್ತೆ, ಕುದುರೆ, ಕೋಣ, ಕೋಳಿ, ಕರು ಇವು ಎಲ್ಲರಿಗೂ ಗೊತ್ತು. ಕೆಂಗುರಿ ಎಂದು ಬರೆದವರಿಗೆ ಒಂದು ಅಂಕ ಹೆಚ್ಚು. ರಾಯಚೂರು, ಕೊಪ್ಪಳ, ಕಲಬುರಗಿ ಕಡೆಯ ಕೆಂಪು ಕಂದು ಬಣ್ಣದ ಕುರಿ ಅದು. ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿ ಚಿಕ್ಕಂದಿನಲ್ಲಿ ಅದನ್ನು ಕಾಯ್ದವರು. ಮಕ್ಕಳಿಗೆ ಹೇಳಿದ್ದೀರಾ?

ಝುವಾರಿ ನೀರಿನಲ್ಲಿ

ನಮ್ಮ ಊರಿನ ಹೆಸರೂ ‘ಕ’ ದಿಂದಲೇ. ಕೊರ್ತಾಲಿಮ್, ಕೊಂಕಣಿಯಲ್ಲಿ ಕುಠ್ಠಾಳಿ, ಹಳೆಯ ಹೆಸರು ಕುಶಸ್ಥಳಿ. ಇಂದು ಪ್ರಿಯೋಳದಲ್ಲಿರುವ ಮಂಗೇಶ ದೇವರು ಮೊದಲಿದ್ದದ್ದು ಇದೇ ನದಿಯ ದಡದಲ್ಲಿ. ಪೋರ್ಚುಗೀಸರ ಭಯಕ್ಕೆ 1560ರಲ್ಲಿ ಲಿಂಗವನ್ನು ನದಿಯಾಚೆ ಒಯ್ದರು. ಶಿವನು ಹುಲಿಯ ರೂಪದಲ್ಲಿ ಬಂದು ಪಾರ್ವತಿಯನ್ನು ಹೆದರಿಸಿದ ಸ್ಥಳವೂ ಇದೇ ಎಂಬುದು ಸ್ಥಳಪುರಾಣ. ಹುಲಿ ‘ಹ’ ಅಕ್ಷರದ್ದಾದರೂ ಇಲ್ಲಿನ ಮಕ್ಕಳಿಗೆ ಕಥೆ ಗೊತ್ತಿರಲಿ ಎಂದು ಸೇರಿಸಿದ್ದೇವೆ.

ನದಿಯಲ್ಲಿ ಕಪ್ಪೆಚಿಪ್ಪು. ಹೆಸರಿನಲ್ಲಿ ಕಪ್ಪೆ ಇದ್ದರೂ ಕಪ್ಪೆಗೂ ಇದಕ್ಕೂ ಸಂಬಂಧವಿಲ್ಲ. ಚಿಕಾಲಿ ಕೊಲ್ಲಿಯಲ್ಲಿ ಒಂದು ಜಾತಿಯ ಚಿಪ್ಪು ಸಿಗುತ್ತದೆ, ತೆಳ್ಳಗೆ ಚಪ್ಪಟೆ, ಬೆಳಕು ಹಾಯುವಂಥದ್ದು. ಗಾಜು ಸುಲಭಕ್ಕೆ ಸಿಗದ ಕಾಲದಲ್ಲಿ ಗೋವೆಯ ಮನೆಗಳ ಕಿಟಕಿಗೆ ಅದನ್ನೇ ಕತ್ತರಿಸಿ ಕೂರಿಸುತ್ತಿದ್ದರು. ಹಳೆ ಮನೆಗಳಲ್ಲಿ ಈಗಲೂ ನೋಡಬಹುದು. ಮೀನಿನಲ್ಲಿ ಕಾಣೆ, ಮಾರ್ಕೆಟಿನಲ್ಲಿ ‘ಮುಡ್ಡೊಶಿ’ ಎಂದು ಕೇಳಬೇಕು. ಕಡಲಾಮೆ ನವೆಂಬರಿನಿಂದ ಮಾರ್ಚಿವರೆಗೆ ಮೊರ್ಜಿ, ಆಗೊಂದ, ಗಾಲ್ಜಿಬಾಗ ಕಡಲತೀರಗಳಲ್ಲಿ ಮೊಟ್ಟೆ ಇಡಲು ಬರುತ್ತದೆ. ನಮ್ಮ ಕಡೆ ಹೊನ್ನಾವರ ಬಳಿಯ ಕಾಸರಕೋಡಿನಲ್ಲೂ ಬರುತ್ತದೆ. ಕಡಲಕುದುರೆ ಒಣಗಿಸಿದ್ದನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಅದೂ ಕಾಯಿದೆಗೆ ವಿರುದ್ಧ.

ಕೊಂಕಣಿಯ ಗೊಂದಲ

ಒಂದು ಹಾಳೆಯಲ್ಲಿ ‘ಕೊಲೊ’ ಎಂದಿತ್ತು. ಕೊಂಕಣಿಯಲ್ಲಿ ಕೊಲೊ ಎಂದರೆ ನರಿ. ಕನ್ನಡದ ಕೋಳಿಯನ್ನು ಕೊಂಕಣಿಯ ಕೊಲೊ ತಿನ್ನುತ್ತದೆ ಎಂದು ನೆನಪಿಟ್ಟುಕೊಳ್ಳಿ. ಹಾಗೆಯೇ ಕೊಂಬೊ ಎಂದರೆ ಅವರಿಗೆ ಹುಂಜ, ನಮಗೆ ಕೊಂಬು ದನದ ತಲೆಯ ಮೇಲಿನದು. ಕಾಸವ ಎಂದರೆ ಆಮೆ, ಕುರ್ಲಿ ಎಂದರೆ ಏಡಿ, ಕಾವಳೊ ಎಂದರೆ ಕಾಗೆ. ಪಾಪ, ಮಗು ಎರಡೂ ಭಾಷೆ ಕಲಿತದ್ದಕ್ಕೆ ಶಿಕ್ಷೆ ಏಕೆ? ಕೊಂಕಣಿ ಹೆಸರು ಬರೆದು ಪಕ್ಕದಲ್ಲಿ ಅದರ ಕನ್ನಡ ಹೆಸರನ್ನೂ ಬರೆದರೆ ಈ ಸಲ ಪೂರ್ತಿ ಅಂಕ ಕೊಡಲು ಒಪ್ಪಿದ್ದೇವೆ.

ಹಕ್ಕಿಗಳು ಬೇಕಾದಷ್ಟಿವೆ. ಕಾಗೆ, ಕೋಗಿಲೆ, ಕೊಕ್ಕರೆ, ಕಾಜಾಣ, ಕೆಂಬೂತ, ಕೌಜುಗ, ಬಾಲ ಕುಣಿಸುತ್ತಾ ನಡೆಯುವ ಕುಂಡೆಕುಸ್ಕ. ಕೊನೆಯ ಹೆಸರಿಗೆ ಮಕ್ಕಳು ನಗುತ್ತಾರೆ, ನಗಲಿ, ಮರೆಯುವುದಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಂತೂ ಊರಿನ ಹೆಸರಿಗೇ ಹಕ್ಕಿ ಸೇರಿಕೊಂಡಿದೆ. ಹಳಗನ್ನಡ, ಸಂಸ್ಕೃತದಿಂದ ಬಂದವು ಕರಿ ಮತ್ತು ಕುಂಜರ (ಆನೆ), ಕೇಸರಿ (ಸಿಂಹ), ಕುರಂಗ (ಜಿಂಕೆ), ಕೂರ್ಮ ಮತ್ತು ಕಮಠ (ಆಮೆ), ಕೀರ (ಗಿಳಿ). ಇವು ಪ್ರೌಢಶಾಲೆಯ ಮಕ್ಕಳಿಗೆ ಮಾತ್ರ. ಕದಂಬ ಎಂದು ಬರೆಯುವವರಿಗೆ ಮೊದಲೇ ತಿಳಿಸುತ್ತೇವೆ. ಗೋವೆಯ ಕದಂಬರ ಲಾಂಛನ ಸಿಂಹವಾಗಿತ್ತು ನಿಜ, ಆದರೆ ಕದಂಬ ಎಂಬುದು ಮರದ ಹೆಸರು, ರಾಜವಂಶದ ಹೆಸರು, ಈಗ ಬಸ್ಸಿನ ಹೆಸರು. ಪ್ರಾಣಿಯಲ್ಲ.

ಸ್ಪರ್ಧೆ ಒಂದರಿಂದ ನಾಲ್ಕನೇ ತರಗತಿ, ಐದರಿಂದ ಏಳು, ಎಂಟರಿಂದ ಹತ್ತು ಹೀಗೆ ಮೂರು ವಿಭಾಗಗಳಲ್ಲಿ ನಡೆಯುತ್ತದೆ. ಕನ್ನಡ ಬರೆಯಲು ಬಾರದ ಮಕ್ಕಳು ಬಾಯಲ್ಲಿ ಹೇಳಬಹುದು, ಬರೆದುಕೊಳ್ಳಲು ನಮ್ಮವರು ಕುಳಿತಿರುತ್ತಾರೆ. ತಂದೆತಾಯಿ, ಅಜ್ಜ ಅಜ್ಜಿಯರಲ್ಲಿ ವಿನಂತಿ: ಈ ಪಟ್ಟಿಯಲ್ಲಿ ಇಲ್ಲದ, ನಿಮ್ಮ ಊರಿನಲ್ಲಿ ಮಾತ್ರ ಬಳಸುವ ‘ಕ’ ಅಕ್ಷರದ ಪ್ರಾಣಿ, ಹಕ್ಕಿ, ಹುಳದ ಹೆಸರು ಇದ್ದರೆ ಊರು, ತಾಲ್ಲೂಕಿನ ಸಹಿತ ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ಕೊಡಿ. ಬರೆಯಲು ಆಗದವರು ಭಾನುವಾರ ಸಂಜೆ ಬಂದು ಹೇಳಿದರೂ ಸಾಕು, ರಿಜಿಸ್ಟರಿನಲ್ಲಿ ನಾವು ಬರೆದುಕೊಳ್ಳುತ್ತೇವೆ.